ಜೆಸಿಂತಾ ಈಗ ಎಷ್ಟನೇ ಕ್ಲಾಸು

ಈ ಜೂನ್ ತಿಂಗಳ ಮೊದಲ ವಾರ ತಂಗಿಯ ಮಗಳಿಗೆ ಪಠ್ಯಪುಸ್ತಕ ಕೊಳ್ಳಲು ಬ್ರಹ್ಮಾವರ ಪೇಟೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಕಟ್ಟಿನ ಹುರಿ ಕತ್ತರಿಸಿ ಐದನೇ ಕ್ಲಾಸಿನ ಗಣಿತದ ಪುಸ್ತಕ ತೆಗೆದು ನನ್ನೆದುರು ಇಟ್ಟರು. ಹೊಸ ಕಾಗದ, ಶಾಯಿ, ಬೆನ್ನಿಗೆ ಹಚ್ಚಿದ ಅಂಟು, ಅದರ ಮೇಲೆ ಮಳೆಗಾಲದ ತೆಳುವಾದ ಮುಗ್ಗಲು, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ "ಎಂಟನೇ ಕ್ಲಾಸಿಂದೂ ಒಂದು ಸೆಟ್ ಕೊಡಿ" ಎಂದು ಬಂದುಬಿಟ್ಟಿತು. "ದೊಡ್ಡದೊಂದಿತ್ತಾ ಮನಿಯಗೆ?" ಎಂದು ಅವರು ವಿಚಾರಿಸಿದರು. ಇಲ್ಲ, ಬಾಯಿತಪ್ಪಿ ಹೇಳಿದೆ ಎಂದು ಸಮಾಧಾನ ಮಾಡಿ ಹೊರಗೆ ಬಂದೆ. ಆದರೆ ಅದು ಬಾಯಿತಪ್ಪಿದ ಮಾತಾಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ಕುಂದಾಪುರದ ಒಂದು ಮನೆಗೆ ಪ್ರತಿ ಜೂನ್ ತಿಂಗಳೂ ಹೀಗೆ ಎರಡು ಸೆಟ್ ಪುಸ್ತಕ ಬರುತ್ತಿತ್ತು. ಒಂದು ನನಗೆ. ಮೂರು ಕ್ಲಾಸು ಮುಂದಿನ ಇನ್ನೊಂದು, ನಾನು ಕಣ್ಣಿನಿಂದ ಕಾಣದ, ನನಗೆ ನಾಲ್ಕು ವರ್ಷವಿದ್ದಾಗಲೇ ತೀರಿಹೋಗಿದ್ದ ಜೆಸಿಂತಾಳಿಗೆ.

ಆ ಮನೆ ಈಗಿಲ್ಲ. ಪೇಟೆಯಿಂದ ಕಡಲ ಬದಿಯ ಕೋಡಿಗೆ ಹೋಗುವ ದಾರಿಯಲ್ಲಿ, ಹೊಳೆಯ ಗಾಳಿ ತಾಗುವಷ್ಟು ಹತ್ತಿರದಲ್ಲಿ ಅದಿತ್ತು. ಈಗ ಆ ಜಾಗದಲ್ಲಿ ಕಾರು ತೊಳೆಯುವವರು ನೀರು ಹಾಯಿಸುತ್ತಿರುತ್ತಾರೆ. ನನಗೆ ಮಾತ್ರ ಅಲ್ಲಿ ಇನ್ನೂ ಹಂಚಿನ ತಗ್ಗು ಮಾಡು, ಅಂಗಳದ ಅಂಚಿಗೆ ಸಾಲಾಗಿ ನೆಟ್ಟ ಕ್ರೋಟನ್ ಗಿಡಗಳು, ಸಣ್ಣ ಸಣ್ಣ ಕಾಯಿ ಬಿಡುವ ಪೇರಳೆ ಮರ ಕಾಣುತ್ತವೆ. ಒಳಗೆ ಹೋದರೆ ಎದುರಿನ ಗೋಡೆಯಲ್ಲಿ ಯೇಸುವಿನ ಪಟ, ಅದರ ಕೆಳಗೆ ಹಗಲೂ ಉರಿಯುವ ಕೆಂಪು ಬಲ್ಬು, ಪಕ್ಕದಲ್ಲಿ ಚೌಕಟ್ಟು ಹಾಕಿದ ಎರಡು ಫೋಟೋ. ಒಂದು ಮುಂಬಯಿಯಲ್ಲಿ ಕೆಲಸಕ್ಕಿದ್ದು ಅಲ್ಲೇ ತೀರಿಕೊಂಡ ಮನೆಯ ಯಜಮಾನರದು, ಇನ್ನೊಂದು ಎರಡು ಜಡೆ ಹಾಕಿ ಬಿಳಿ ಲಂಗದಲ್ಲಿ ನಿಂತ, ಮುಂದಿನ ಹಲ್ಲೊಂದು ಇಲ್ಲದ ಹುಡುಗಿಯದು. ಅಡುಗೆಮನೆಯಿಂದ ಬೆಳ್ಳುಳ್ಳಿ ಮತ್ತು ವಿನೆಗರಿನ ವಾಸನೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಇಲ್ಲದ ಆ ವಾಸನೆಯನ್ನು ನಾನು ಓದಿನ ವಾಸನೆ ಎಂದೇ ತಿಳಿದಿದ್ದೆ. ಮನೆಯೊಡತಿ ಸೆವ್ರಿನ್ ಬಾಯಿ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದರು. ಊರವರಿಗೆಲ್ಲ ಅವರು ಟೀಚರ್ ಬಾಯಿ, ನನ್ನ ಅಜ್ಜಿಗೆ ಬಾಯಮ್ಮ, ನನಗೆ ಬರೀ ಟೀಚರ್.

ಅಜ್ಜಿಯ ದೆಸೆಯಿಂದಲೇ ನಾನು ಆ ಮನೆ ಸೇರಿದ್ದು. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಮೀನು ಒಣಗಿಸುವ ಕೆಲಸಕ್ಕೆ. ಅಜ್ಜಿ ಕೋಡಿಯಲ್ಲಿ ಬುಟ್ಟಿ ತುಂಬಿಸಿಕೊಂಡು ಪೇಟೆಯ ಮನೆಮನೆಗೆ ಮೀನು ಕೊಡುವವಳು. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಒಂದು ಸಂಜೆ ಟೀಚರ್ ಬಾಯಿಯ ಜಗಲಿಯಲ್ಲಿ ಬುಟ್ಟಿ ಇಳಿಸಿ, "ಬಾಯಮ್ಮ, ಈ ಹೆಣ್ಣನ್ನ್ ಒಂದ್ ಗಳಿಗೆ ಇಲ್ಲ್ ಕೂರ್ಸ್ಕಣಿ. ಬುಟ್ಟಿ ಖಾಲಿ ಆದ್ ಕೂಡ್ಲೆ ಬತ್ತೆ" ಎಂದಳು. ಆ ಒಂದು ಗಳಿಗೆ ಹನ್ನೆರಡು ವರ್ಷ ನಡೆಯಿತು. ಒಳಗೆ ಹಲಸಿನ ಹಲಗೆಯ ಒಂದು ಬೆಂಚಿತ್ತು, ಇಬ್ಬರು ಕೂರುವಷ್ಟು ಉದ್ದದ್ದು. ನಾನು ಹೋದವಳೇ ಕಿಟಕಿಯ ಪಕ್ಕ ಗಾಳಿ ಬರುವ ಕಡೆ ಕೂತೆ. "ಅಲ್ಲ್ ಬ್ಯಾಡ ಮಗಾ, ಈಚಿಗೆ ಕೂಕೊ. ಅದ್ ಜೆಸಿಂತಂದ್ ಜಾಗ" ಎಂದರು ಟೀಚರ್. ಮಗಳು ಆಟಕ್ಕೆ ಹೋಗಿರಬೇಕು, ಈಗ ಬರುತ್ತಾಳೆ ಎಂದುಕೊಂಡು ನಾನು ಜಾಗ ಬಿಟ್ಟೆ. ಇಗರ್ಜಿಯ ಸಂಜೆಯ ಗಂಟೆ ಹೊಡೆಯಿತು. ಟೀಚರ್ ಎದ್ದು ನಿಂತು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳಿ ಮುಗಿಸಿ, ಕಿಟಕಿಯ ಪಕ್ಕದ ಖಾಲಿ ಜಾಗದೆದುರು ಎರಡನೇ ಕ್ಲಾಸಿನ ಗಣಿತದ ಪುಸ್ತಕ ಬಿಡಿಸಿಟ್ಟರು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವ ಲೆಕ್ಕವನ್ನು, ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ದಶಕ ತರಬೇಕು ಎಂದು ನಿಧಾನವಾಗಿ, ಎರಡೆರಡು ಸಲ ವಿವರಿಸಿದರು. ಮಾರನೆಯ ಸಂಜೆಯೂ ಅದೇ ಪುಟ, ಅದೇ ಲೆಕ್ಕ. ಅದರ ಮಾರನೆಯ ದಿನವೂ ಅದೇ. ಒಂದನೇ ಕ್ಲಾಸಿನ ನನಗೆ ಆ ಲೆಕ್ಕ ಬಾಯಿಪಾಠವಾಗಿ ಹೋಯಿತು. ಖಾಲಿ ಜಾಗಕ್ಕೆ ಪಾಠ ಹೇಳುವವರನ್ನು ಕಂಡು ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಆ ದನಿಯಲ್ಲಿ ಹೆದರಿಸುವಂಥದ್ದು ಏನೂ ಇರಲಿಲ್ಲ.

ಸಂಗತಿ ನನಗೆ ತಿಳಿದದ್ದು ಅವರು ಅಜ್ಜಿಯೊಡನೆ ಹೇಳಿಕೊಂಡ ದಿನ. ಅಜ್ಜಿ ಅಂಗಳದಲ್ಲಿ ಅವರಿಗಾಗಿ ಬಂಗುಡೆ ಮೀನು ಕೊಯ್ದು ಸಮ ಮಾಡಿ ಕೊಡುತ್ತಿದ್ದಳು, ನಾನು ಪಕ್ಕದಲ್ಲಿ ಕಾಗೆ ಓಡಿಸುತ್ತಿದ್ದೆ. ಜೆಸಿಂತಾ ಎರಡನೇ ಕ್ಲಾಸಿನಲ್ಲಿದ್ದಳಂತೆ. ಊರಿನ ಮಕ್ಕಳಿಗೆಲ್ಲ ಲೆಕ್ಕ ಕಲಿಸುವ ಟೀಚರಿನ ಮಗಳಿಗೆ ಕಳೆಯುವ ಲೆಕ್ಕ ಹತ್ತುತ್ತಲೇ ಇರಲಿಲ್ಲವಂತೆ. ಒಂದು ಸಂಜೆ ಇದೇ ಬೆಂಚಿನಲ್ಲಿ ಆರನೇ ಸಲವೂ ತಪ್ಪು ಮಾಡಿದಾಗ ಇವರಿಗೆ ಸಿಟ್ಟು ನೆತ್ತಿಗೇರಿ, ಅಡಿಕೋಲಿನಿಂದ ಅಂಗೈಗೆ ಎರಡು ಪೆಟ್ಟು ಕೊಟ್ಟು, ದಡ್ಡಿ ಎಂದು ಬೈದರು. ಮಗು ಅಳುತ್ತಾ ಮಲಗಿತು. ಬೆಳಿಗ್ಗೆ ಮೈ ಸುಡುತ್ತಿತ್ತು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಹೋಯಿತು. ಜ್ವರಕ್ಕೂ ಪೆಟ್ಟಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದು ಟೀಚರಿಗೂ ತಿಳಿದಿತ್ತು. ಅವರ ಸಂಕಟ ಬೇರೆಯೇ. "ಸ್ವರ್ಗದಗೆ ಎಲ್ಲಾ ಕೂಡ್ಲೆ ಗೊತ್ತಾತ್ತ್ ಅಂಬ್ರ್ ಪಾದ್ರಿಗಳ್. ಆರೆ ಅದ್ ಹೋಪ ಹೊತ್ತಿಗೆ ತಾನ್ ದಡ್ಡಿ ಅಂದ್ಕಂಡೇ ಹೋಯ್ತ್ ಸೀತಕ್ಕ. ಅದನ್ನ್ ಯಾರ್ ಬಿಡ್ಸ್ತ್ರ್?" ಎಂದು ಕೇಳಿದರು. ಅಜ್ಜಿಯ ಕೈಯ ಕತ್ತಿ ನಿಂತಿತು. ಸ್ವರ್ಗದಲ್ಲಿರುವ ಮಗಳಿಗೆ ಇನ್ನೂ ಆ ಒಂದು ಲೆಕ್ಕ ಬರುವುದಿಲ್ಲ, ಬಂದರಲ್ಲದೆ ಅವಳ ಮನಸ್ಸಿನಿಂದ ಆ ಮಾತು ಹೋಗುವುದಿಲ್ಲ ಎಂದು ಟೀಚರ್ ಎರಡು ವರ್ಷದಿಂದ ಅದೇ ಪುಟದಲ್ಲಿ ಕೂತಿದ್ದರು.

ಆ ವರ್ಷದ ಆಸಾಡಿಯಲ್ಲಿ, ಎಂದರೆ ಆಷಾಢ ಮಾಸದಲ್ಲಿ, ನಮ್ಮ ಮನೆಯಲ್ಲಿ ಒಂದು ಮದುವೆಯಾಯಿತು. ಮದುಮಗಳು ನನ್ನ ಅಪ್ಪನ ತಂಗಿ, ಮೂರು ವರ್ಷದವಳಿದ್ದಾಗಲೇ ತೀರಿಹೋದವಳು. ನಮ್ಮ ಕಡೆಯಲ್ಲಿ ಸಣ್ಣಪ್ರಾಯದಲ್ಲಿ ಸತ್ತ ಮಕ್ಕಳು ಅಲ್ಲಿಯೂ ವರ್ಷ ವರ್ಷ ಬೆಳೆಯುತ್ತವೆ, ಪ್ರಾಯಕ್ಕೆ ಬಂದಾಗ ಅವುಗಳಿಗೆ ಮದುವೆ ಮಾಡಬೇಕು, ಇಲ್ಲದಿದ್ದರೆ ಮನೆಯವರ ನೆಮ್ಮದಿಗೆ ಅಡ್ಡ ಬರುತ್ತವೆ ಎಂಬ ನಂಬಿಕೆ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ ಹಾಗೆಂದು ಕಂಡುಬಂದು, ಕಿರಿಮಂಜೇಶ್ವರದ ಕಡೆಯ ಒಂದು ಮನೆಯಲ್ಲಿ ಹಾಗೆಯೇ ತೀರಿಹೋದ ಗಂಡು ಸಿಕ್ಕಿ, ಎರಡೂ ಮನೆಯವರು ಕೂತು ಮಾತಾಡಿ ಸಂಬಂಧ ಕುದುರಿಸಿದರು. ಒಂದು ಮಣೆಯ ಮೇಲೆ ಸೀರೆ, ರವಿಕೆ, ಬಳೆ, ಕರಿಮಣಿ. ಇನ್ನೊಂದರ ಮೇಲೆ ಪಂಚೆ, ಅಂಗಿ. ಧಾರೆ ಎರೆದರು, ಊಟ ಹಾಕಿದರು. ಅಜ್ಜಿ ಮಾತ್ರ ಮಗಳನ್ನು ಒಪ್ಪಿಸಿ ಕೊಡುವಾಗ ನಿಜವಾದ ಮದುವೆಯಲ್ಲಿ ಅಳುವ ಹಾಗೆಯೇ ಅತ್ತಳು. ಟೀಚರ್ ಬಾಯಿಯೂ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕೂತು, ಆ ಎರಡು ಮಣೆಗಳಿಂದ ಕಣ್ಣು ಕೀಳದೆ ನೋಡುತ್ತಿದ್ದರು. ಊಟವಾದ ಮೇಲೆ ಕೈ ತೊಳೆಯುವಲ್ಲಿ ಅಜ್ಜಿಯನ್ನು ನಿಲ್ಲಿಸಿ ಕೇಳಿದರು. "ನಿಮ್ ಮಕ್ಳ್ ಅಲ್ಲ್ ಬೆಳಿತೊ ಅಂದ್ರಿ. ಬೆಳಿತೊ ಅಂದ್ರೆ ಕಲಿತೊ ಸೀತಕ್ಕ?" ಅಜ್ಜಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಬೆಳೂಕೆ ಗೊತ್ತಾದದ್ದಕ್ಕೆ ಕಲೂಕೆ ಗೊತ್ತಾತಿಲ್ಯಾ? ಎಂತ ಮಾತ್ ಮರ್ರೆ ನಿಮ್ದ್!" ಎಂದವಳೇ ಎಲೆ ತೆಗೆಯಲು ಓಡಿದಳು. ಆ ಮಾತಿನಿಂದ ಟೀಚರಿಗೆ ತಾನು ಏನು ಕೊಟ್ಟೆ ಎಂಬುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮರುದಿನ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಟೀಚರ್ ಎರಡನೇ ಕ್ಲಾಸಿನ ಪುಸ್ತಕ ಬಿಡಿಸಿ, ಆ ಪುಟವನ್ನು ಸ್ವಲ್ಪ ಹೊತ್ತು ನೋಡಿ, ಮಗುಚಿದರು. ಹಾಳೆ ಮಗುಚಿದ ಆ ಸದ್ದು ನನಗೆ ಇಂದಿಗೂ ಕಿವಿಯಲ್ಲಿದೆ, ಏಕೆಂದರೆ ಮರುಕ್ಷಣವೇ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ನನ್ನ ಸ್ಲೇಟು ನೋಡುತ್ತಾ ಕೂತೆ. ಆಮೇಲೆ ಅವರು ಮುಖ ಒರೆಸಿಕೊಂಡು, ಜೆಸಿಂತಾ ಈಗ ನಾಲ್ಕನೇ ಕ್ಲಾಸಿನಲ್ಲಿರಬೇಕಾದವಳು, ಪಾಠ ಬಹಳ ಬಾಕಿಯಾಗಿದೆ, ಬೇಗ ಬೇಗ ಮುಗಿಸಬೇಕು ಎಂದು ನನಗೆ ಹೇಳಿದರು. ಹೇಳಿದ ಹಾಗೆಯೇ ಮುಂದಿನ ಮೇ ತಿಂಗಳೊಳಗೆ ಮೂರು, ನಾಲ್ಕು ಎರಡನ್ನೂ ಮುಗಿಸಿ, ಜೂನಿನಲ್ಲಿ ನನಗೆ ಎರಡನೇ ಕ್ಲಾಸಿನ ಪುಸ್ತಕವನ್ನೂ ಅವಳಿಗೆ ಐದನೆಯದನ್ನೂ ತಂದರು. ಎರಡಕ್ಕೂ ಕಂದು ಕಾಗದದ ಹೊದಿಕೆ, ಎರಡರ ಮೇಲೂ ದುಂಡಗಿನ ಅಕ್ಷರದಲ್ಲಿ ಹೆಸರು.

ಅಲ್ಲಿಂದ ಮುಂದೆ ನಮ್ಮ ಓದು ಹೇಗೆ ನಡೆಯಿತೆಂದು ಹೇಳಿದರೆ ನಗುವವರು ನಗಬಹುದು. ಟೀಚರ್ ಒಂದು ಪಾಠ ವಿವರಿಸುತ್ತಿದ್ದರು, ಕಿಟಕಿಯ ಕಡೆ ತಿರುಗಿ ಪ್ರಶ್ನೆ ಕೇಳುತ್ತಿದ್ದರು, ಉತ್ತರಕ್ಕೆ ಬೇಕಾದಷ್ಟು ಹೊತ್ತು ಬಿಟ್ಟು ಕಾಯುತ್ತಿದ್ದರು. ಒಮ್ಮೊಮ್ಮೆ ಮೆಲ್ಲಗೆ ತಲೆ ಅಲ್ಲಾಡಿಸಿ, ಇಲ್ಲಿ ಜೆಸಿಂತಾ ತಪ್ಪು ಮಾಡುತ್ತಾಳೆ, ಎಲ್ಲರೂ ಮಾಡುವ ತಪ್ಪೇ, ಬೇಸರ ಬೇಡ ಎಂದು ಇನ್ನೊಂದು ದಾರಿಯಿಂದ ಹೇಳಿಕೊಡುತ್ತಿದ್ದರು. ಆ ತಪ್ಪು ಎಷ್ಟೋ ಸಲ ಸರಿಯಾಗಿ ನನ್ನದೇ ಆಗಿರುತ್ತಿತ್ತು. ಮೂರು ಕ್ಲಾಸು ಮುಂದಿನ ಪಾಠವನ್ನು ಕಿವಿಯಲ್ಲಿ ಕೇಳಿ ಕೇಳಿ, ನಮ್ಮ ಶಾಲೆಯಲ್ಲಿ ನಾನು ಜಾಣೆ ಎನ್ನಿಸಿಕೊಂಡೆ. ಆದರೂ ನನಗೆ ಅವಳನ್ನು ಕಂಡರಾಗುತ್ತಿರಲಿಲ್ಲ. ಎಷ್ಟು ಓದಿದರೂ ಅವಳು ಮೂರು ಕ್ಲಾಸು ಮುಂದೆ. ಎಷ್ಟು ಬೇಗ ಬಂದರೂ ಕಿಟಕಿಯ ಗಾಳಿ ಅವಳಿಗೆ. ಕ್ರಿಸ್ಮಸ್ಸಿಗೆ ಮಾಡಿದ ತಿಂಡಿಯಲ್ಲಿ ಮೊದಲ ಪಾಲು ಫೋಟೋದ ಮುಂದೆ. ಅಲ್ಲಿ ನನಗೆ ಸಿಕ್ಕಿದ ಓದೆಲ್ಲ ಅವಳ ನೆನಪಿನ ಬಲದಿಂದಲೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಟ್ಟ ಹುಡುಗಿ ನಾನೊಬ್ಬಳೇ ಇರಬೇಕು.

ಈಸ್ಟರ್ ಕಳೆದ ಮೇಲೆ ಇಗರ್ಜಿಯ ಪಾದ್ರಿಗಳು ಮನೆಮನೆಗೆ ಬಂದು ಪವಿತ್ರ ನೀರು ಚಿಮುಕಿಸಿ ಆಶೀರ್ವಾದ ಮಾಡುವ ಪದ್ಧತಿ. ನಾನು ಐದನೇ ಕ್ಲಾಸು ಮುಗಿಸಿದ ವರ್ಷ ಹಾಗೆ ಬಂದ ವಯಸ್ಸಾದ ಪಾದ್ರಿಗಳು ಮೇಜಿನ ಮೇಲಿದ್ದ ಎಂಟನೇ ಕ್ಲಾಸಿನ ವಿಜ್ಞಾನದ ಪುಸ್ತಕ ಎತ್ತಿ, ಮೇಲಿನ ಹೆಸರು ಓದಿ, ಕುರ್ಚಿಯಲ್ಲಿ ಕೂತುಬಿಟ್ಟರು. ಮಾತು ಕೊಂಕಣಿಯಲ್ಲಿ ನಡೆಯಿತು. ಅಷ್ಟರಲ್ಲಿ ನನಗೆ ಕೊಂಕಣಿ ಅರ್ಥವಾಗುತ್ತಿತ್ತು. ಪಾದ್ರಿಗಳು ಗದರಲಿಲ್ಲ. ದೇವರನ್ನು ಮುಖಾಮುಖಿ ಕಾಣುವವರಿಗೆ ತಿಳಿಯದ್ದೆಂಬುದು ಉಳಿಯುವುದಿಲ್ಲ, ನಿನ್ನ ಮಗುವಿಗೆ ಈಗ ನಮಗಿಂತ ಹೆಚ್ಚು ತಿಳಿದಿದೆ, ಪುಸ್ತಕದ ಹಂಗು ಅವಳಿಗಿಲ್ಲ ಎಂದು ಸಮಾಧಾನದಿಂದ ಹೇಳಿದರು. ಟೀಚರ್ ತಲೆ ತಗ್ಗಿಸಿ ಕೇಳಿ, ಆಮೇಲೆ ತಾನು ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ, ತಪ್ಪು ಮಾಡದೆ ತಿಳಿದುಕೊಂಡ ಮಗುವನ್ನು ಇದುವರೆಗೆ ಕಂಡಿಲ್ಲ ಎಂದರು. ಉತ್ತರ ಒಮ್ಮೆಗೇ ತಲೆಯೊಳಗೆ ಬಂದುಬಿಟ್ಟರೆ, ಕಷ್ಟಪಟ್ಟದ್ದು ಬಂತು ಎನ್ನುವ ಆ ಖುಷಿ ಮಗುವಿಗೆ ಯಾರು ಕೊಡುತ್ತಾರೆ? ಆ ಖುಷಿ ಇಲ್ಲದ ಸ್ವರ್ಗವನ್ನು ದೇವರು ಮಾಡಿರಲಾರರು ಎಂದು ಹೇಳಿದರು. ಪಾದ್ರಿಗಳು ಪುಸ್ತಕದ ಹಾಳೆ ತಿರುವಿ ನೋಡಿದರು. ಕೊನೆಗೆ ನಕ್ಕು, ನನಗೆ ಗೊತ್ತಿಲ್ಲ ಬಾಯಿ, ಅದನ್ನು ನಾನೂ ಅಲ್ಲಿಗೆ ಹೋಗಿಯೇ ಕಲಿಯಬೇಕು ಎಂದರು. ಎದ್ದು ಹೊರಡುವ ಮೊದಲು ಬೆಂಚಿನ ಎರಡೂ ಕಡೆಗೆ ನೀರು ಚಿಮುಕಿಸಿದರು. ನನ್ನ ಮುಖಕ್ಕೂ ನಾಲ್ಕು ಹನಿ ಬಿತ್ತು.

ಜೆಸಿಂತಾ ಪಿಯುಸಿಗೆ ಬಂದಾಗ ಟೀಚರಿಗೆ ನಿಜವಾದ ಕಷ್ಟ ಶುರುವಾಯಿತು. ಅವರು ಕಲಿತದ್ದು ಟೀಚರ್ ಟ್ರೇನಿಂಗಿನವರೆಗೆ. ಮಗಳಿಗೆ ವಿಜ್ಞಾನ ಕೊಡಿಸಬೇಕೆಂದು ಗಂಡ ಹೇಳುತ್ತಿದ್ದರಂತೆ, ಹಾಗಾಗಿ ವಿಜ್ಞಾನವೇ ಆಗಬೇಕು. ಐವತ್ತು ದಾಟಿದ ಹೆಂಗಸು, ಶಾಲೆಯಿಂದ ಬಂದು, ಕನ್ನಡಕ ಏರಿಸಿಕೊಂಡು, ಭೌತಶಾಸ್ತ್ರದ ಇಂಗ್ಲಿಷ್ ಪುಸ್ತಕದ ಒಂದೊಂದು ಪದಕ್ಕೂ ಡಿಕ್ಷನರಿ ನೋಡುತ್ತಾ ಕೂರುತ್ತಿದ್ದರು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಕಾಲೇಜಿನ ಒಬ್ಬ ಲೆಕ್ಚರರ ಮನೆಗೆ ನೋಟ್‌ಬುಕ್ ಹಿಡಿದು ಹೋಗುತ್ತಿದ್ದರು. ಗೊತ್ತಾಗದ್ದು ಗೊತ್ತಾದ ದಿನ ಅಂಗಳ ದಾಟುವಾಗಲೇ ಅವರ ನಡಿಗೆಯಲ್ಲಿ ತಿಳಿಯುತ್ತಿತ್ತು. ಅವಳ ಎರಡನೇ ಪಿಯುಸಿಯ ವರ್ಷ ನಾನು ಒಂಬತ್ತನೆಯಲ್ಲಿದ್ದೆ. ಒಂದು ಸಂಜೆ ನನ್ನ ಬೀಜಗಣಿತದ ಲೆಕ್ಕ ನಿಂತಲ್ಲೇ ನಿಂತಿತ್ತು. ಎರಡು ಸಲ ಕರೆದೆ. ಅವರು ಜೆಸಿಂತಾಳಿಗೆ ಮಸೂರದ ಚಿತ್ರ ಬಿಡಿಸಿ ತೋರಿಸುವುದರಲ್ಲಿ ಮುಳುಗಿದ್ದರು. ಅಷ್ಟು ವರ್ಷದ ಹೊಟ್ಟೆಯುರಿ ಬಾಯಿಗೆ ಬಂತು. "ಸತ್ತವ್ರ್ ಓದೂದಿಲ್ಲ ಟೀಚರ್. ಓದೂದ್ ನಾನ್!" ಎಂದು ಕೂಗಿಬಿಟ್ಟೆ.

ಅವರು ಪೆನ್ಸಿಲು ಕೆಳಗಿಟ್ಟರು. ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಕಾದೆ. "ಹೌದ್ ಮಗಾ. ಓದೂದ್ ನೀನೇ. ಅದ್ ನಂಗ್ ಗೊತ್ತಿಲ್ದೆ ಇಲ್ಲ" ಎಂದರು. ನನ್ನ ಕಡೆ ತಿರುಗಿ, "ಆರೆ ಅದ್ ಎದ್ರ್ ಕೂತಿತ್ತ್ ಅಂದ್ಕಂಡ್ರೆ ನಂಗ್ ಸಿಟ್ಟ್ ಬತ್ತಿಲ್ಲೆ. ಇಷ್ಟ್ ವರ್ಷದಗೆ ನಿಂಗ್ ಒಂದ್ ಪೆಟ್ಟ್ ಬಿದ್ದಿತ್ತಾ?" ಎಂದು ಕೇಳಿದರು. ಬಿದ್ದಿರಲಿಲ್ಲ. ನನಗೂ ಬಿದ್ದಿರಲಿಲ್ಲ, ಅವರ ಶಾಲೆಯ ಯಾವ ಮಗುವಿಗೂ ಬಿದ್ದಿರಲಿಲ್ಲ. ದಡ್ಡಿ ಎಂಬ ಮಾತು ಆ ಮನೆಯಲ್ಲಿ ನಾನು ಕೇಳಿರಲೇ ಇಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವರು ಎದ್ದು ನನ್ನ ಪಕ್ಕ ಬಂದು, ನಿಂತಿದ್ದ ಲೆಕ್ಕವನ್ನು ಮೊದಲಿನಿಂದ ಹೇಳಿಕೊಟ್ಟರು. ಆವತ್ತು ಆಡಿದ ಮಾತಿಗೆ ಕ್ಷಮೆ ಕೇಳಲು ನನಗೆ ನಾಲಿಗೆ ಏಳಲಿಲ್ಲ. ಮುಂದೆಯೂ ಕೇಳಲಿಲ್ಲ. ಅದು ನನ್ನ ಎದೆಯಲ್ಲಿ ಬಹಳ ವರ್ಷ ಮುಳ್ಳಾಗಿಯೇ ಉಳಿಯಿತು.

ನನ್ನ ಪಿಯುಸಿ ಮುಗಿಯುವ ಹೊತ್ತಿಗೆ ಜೆಸಿಂತಾಳ ಡಿಗ್ರಿಯೂ ಮುಗಿಯಿತು. ಕೊನೆಯ ಪಾಠದ ದಿನ ಟೀಚರ್ ಪಾಯಸ ಮಾಡಿದ್ದರು. ಬುಟ್ಟಿ ಹೊರುವುದನ್ನು ಬಿಟ್ಟಿದ್ದ ಅಜ್ಜಿ ಕೋಲೂರಿಕೊಂಡು ಬಂದು, ಪಾಯಸ ಕುಡಿದು, ಬಾಯಿ ಒರೆಸಿಕೊಂಡು ಗಂಭೀರವಾಗಿ ವಿಷಯ ಎತ್ತಿದಳು. "ಬಾಯಮ್ಮ, ನಿಮ್ ಹೆಣ್ಣಿನ್ ಓದ್ ಮುಗೀತಲ್ಲ. ಇನ್ನ್ ಗಂಡ್ ಕಾಂಬ್ವನಾ?" ಟೀಚರ್ ಮೊದಲು ಬೆಪ್ಪಾದರು, ಆಮೇಲೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಹಿಂದೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ. "ನಮ್ ಸ್ವರ್ಗದಗೆ ಮದಿ ಅಂಬ್ದ್ ಇಲ್ಲ ಸೀತಕ್ಕ" ಎಂದು ಕಣ್ಣೊರೆಸಿಕೊಂಡರು. ಅಜ್ಜಿಗೆ ನಿಜವಾಗಿಯೂ ಪಾಪ ಎನ್ನಿಸಿತು. "ಮದಿಯೂ ಇಲ್ಯಾ? ಹಂಗಾರೆ ಇನ್ನೂ ಓದ್ಲಿ ಬಿಡಿ. ಹೊತ್ತ್ ಹೋಯ್ಕಲ್ದಾ!" ಎಂದಳು. ಅವತ್ತಿನಿಂದ ಟೀಚರ್ ಪಾಠ ನಿಲ್ಲಿಸಿದರು. ತನಗೆ ಗೊತ್ತಿರುವುದೆಲ್ಲ ಹೇಳಿಕೊಟ್ಟಾಯಿತು, ಇನ್ನು ಮುಂದಿನದನ್ನು ಅವಳು ಅಲ್ಲಿಯವರಿಂದಲೇ ಕಲಿತುಕೊಳ್ಳಲಿ ಎಂದರು. ಹೇಳುವಾಗ ಮುಖದಲ್ಲಿ ದುಃಖವಿರಲಿಲ್ಲ, ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ತಾಯಿಯ ಆತಂಕವಿತ್ತು.

ನಾನು ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮಾಡಿ ಬ್ರಹ್ಮಾವರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಅಜ್ಜಿ ಹೋದಳು. ಆಮೇಲೂ ತಿಂಗಳಿಗೊಮ್ಮೆ ಟೀಚರನ್ನು ಕಂಡು ಬರುತ್ತಿದ್ದೆ. ವಯಸ್ಸು ಎಂಬತ್ತರ ಹತ್ತಿರ ಬಂದಾಗ ಅವರಿಗೆ ಮರೆವು ಹಿಡಿಯಿತು. ಮೊದಲು ಗ್ಯಾಸ್ ಆರಿಸಲು ಮರೆತರು. ಬಳಿಕ ಪೇಟೆಯಿಂದ ಮನೆಗೆ ಬರುವ ದಾರಿ. ನೆರೆಹೊರೆಯವರು ಗಾಬರಿಗೊಂಡು ಹೇಳಿದ ಮೇಲೆ, ದೂರದ ಸಂಬಂಧಿಕರು ಬಂದು ಮನೆ ಮಾರಿ, ಬೈಂದೂರಿನ ಕಡೆ ಸಿಸ್ಟರ್‌ಗಳು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಅವರನ್ನು ಬಿಟ್ಟರು. ಮನೆ ಖಾಲಿ ಮಾಡುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಎರಡನೇ ಕ್ಲಾಸಿನಿಂದ ಡಿಗ್ರಿಯವರೆಗೆ ಜೆಸಿಂತಾಳ ಹೆಸರು ಬರೆದ ಪುಸ್ತಕಗಳು ಕಪಾಟಿನಲ್ಲಿ ಸಾಲಾಗಿದ್ದವು. ಸಾಮಾನು ಸಾಗಿಸಲು ಬಂದವನು, ಮಗಳು ಈಗ ಎಲ್ಲಿದ್ದಾಳೆ, ಇಷ್ಟು ಓದಿದವಳು ತಾಯಿಯನ್ನು ನೋಡಿಕೊಳ್ಳಬಾರದಾ ಎಂದು ನನ್ನನ್ನು ಕೇಳಿದ. ನಾನು ಪುಸ್ತಕ ಕಟ್ಟುತ್ತಾ ಹೋದೆ.

ಟೀಚರ್ ಹೋಗಿ ಈಗ ಎರಡು ವರ್ಷವಾಯಿತು. ಕುಂದಾಪುರದ ಸಿಮಿತ್ರಿಯಲ್ಲಿ ಜೆಸಿಂತಾಳ ಗೋರಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಮಣ್ಣು ಹಾಕುವಾಗ ಸಾಲಿನಲ್ಲಿ ನಾನೂ ನಿಂತೆ. ಅವರಿಂದ ಕಲಿತವರು ಎಷ್ಟೋ ಜನ ಬಂದಿದ್ದರು, ನರೆತ ಕೂದಲಿನವರೂ ಇದ್ದರು. ಒಬ್ಬರೂ ಜೋರಾಗಿ ಅಳಲಿಲ್ಲ. ನವೆಂಬರಿನಲ್ಲಿ ಅವರ ಕಡೆಯವರು ಗೋರಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ದಿನ ನಾನೂ ಹೋಗಿ ಎರಡು ಬತ್ತಿ ಹಚ್ಚಿ ಬರುತ್ತೇನೆ. ಅವರ ಸ್ವರ್ಗದಲ್ಲಿ ಪಾಠವಿದೆಯೋ ಇಲ್ಲವೋ, ನಮ್ಮ ಅಜ್ಜಿ ಹೇಳಿದಂತೆ ಮಕ್ಕಳು ಅಲ್ಲಿ ಬೆಳೆಯುತ್ತವೆಯೋ ಇಲ್ಲವೋ, ನನಗೆ ತಿಳಿಯದು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ದುಡಿಯುವ ನನಗೆ ಕಾಣದ್ದನ್ನು ನಂಬುವುದು ಸುಲಭವಲ್ಲ. ನನ್ನ ಬಳಿ ಇರುವುದು ನಾನು ಅವರನ್ನು ಕಡೆಯ ಸಲ ಕಂಡ ಮಧ್ಯಾಹ್ನ ಒಂದೇ.

ಅವತ್ತು ಆಶ್ರಮದಲ್ಲಿ ಬಟ್ಟೆಗಳು ಅದಲುಬದಲಾಗದಿರಲೆಂದು ಎಳೆಯ ಸಿಸ್ಟರೊಬ್ಬರು ಎಲ್ಲರಿಗೂ ಬಿಳಿ ಬಟ್ಟೆಯ ಸಣ್ಣ ಪಟ್ಟಿ, ಪೆನ್ನು ಕೊಟ್ಟು ಹೆಸರು ಬರೆಯಲು ಹೇಳಿದ್ದರು. ಟೀಚರ್ ಮಂಚದ ಅಂಚಿನಲ್ಲಿ ಕೂತಿದ್ದರು. ನಾನು ಪಕ್ಕದ ಸ್ಟೂಲಿನಲ್ಲಿದ್ದೆ. ಎಷ್ಟು ಮಕ್ಕಳ ಪುಸ್ತಕಗಳ ಮೇಲೆ ಎಷ್ಟು ಹೆಸರು ಬರೆದ ಕೈ ಅದು. ಒಂದು ಅಕ್ಷರ ಬರೆಯಿತು, ನಿಂತಿತು. ಅವರು ಪಟ್ಟಿಯನ್ನು ನೋಡಿದರು, ಪೆನ್ನನ್ನು ನೋಡಿದರು. ಮೆಲ್ಲಗೆ ತಲೆ ಎತ್ತಿ ನನ್ನ ಮುಖ ನೋಡಿದವರು, ಪೆನ್ನು ಬಿಟ್ಟು, ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. "ಪುತಾ" ಎಂದರು. ಕೊಂಕಣಿಯಲ್ಲಿ ತಾಯಂದಿರು ಸ್ವಂತ ಮಕ್ಕಳನ್ನು ಕರೆಯುವ ಮಾತು ಅದು. ನನ್ನನ್ನು ಅವರು ಎಂದೂ ಹಾಗೆ ಕರೆದಿರಲಿಲ್ಲ. ಪಾಠದ ವಿಷಯ ಬಂದಾಗ ಮಗಳೊಡನೆಯೂ ಕನ್ನಡವೇ ಆಡುತ್ತಿದ್ದವರು, ಆ ಅಭ್ಯಾಸಕ್ಕೋ ಏನೋ, ಮುಂದಿನದನ್ನು ಕನ್ನಡದಲ್ಲೇ ಹೇಳಿದರು.

"ನಂಗ್ ಬತ್ತಿಲ್ಲೆ. ಎಲ್ಲ ಮರ್ತ್ ಹೋಯ್ತ್. ಅಲ್ಲಿಗ್ ಬಂದ್ರೆ ಎಂತ ಕೇಳ್ತ್ರ್?"

ನಾನು ಜೆಸಿಂತಾ ಅಲ್ಲ, ಜಲಜ ಎಂದು ಹೇಳಬಹುದಿತ್ತು. ಸತ್ತವರು ಓದುವುದಿಲ್ಲ ಎಂದು ಹದಿನಾಲ್ಕನೇ ವಯಸ್ಸಿನಲ್ಲಿ ಎಷ್ಟು ಸಲೀಸಾಗಿ ಹೇಳಿದ್ದೆ. ಮಗಳ ಎದುರು ನಿಲ್ಲುವುದಕ್ಕೆ ಈ ಹೆಂಗಸು ಹೆದರಿ ಕೂತಿದ್ದಾರೆ ಎಂಬುದು ನನಗೆ ಹೊಳೆಯಿತು.

"ಎಂತದೂ ಕೇಳೂದಿಲ್ಲ ಅಮ್ಮ" ಎಂದೆ. ಜೀವಮಾನದಲ್ಲಿ ಮೊದಲ ಸಲ ಅವರನ್ನು ಅಮ್ಮ ಎಂದದ್ದು. "ನಾನಿದ್ನಲ್ದಾ. ನಾನ್ ಹೇಳ್ಕೊಡ್ತೆ."

"ತಪ್ಪಾರೆ?"

"ತಪ್ಪಾರೆ ಇನ್ನೊಂದ್ ಸಲ ಹೇಳ್ಕೊಡ್ತೆ."

ಅವರು ನನ್ನನ್ನು ಪರೀಕ್ಷಿಸುವ ಹಾಗೆ ಬಹಳ ಹೊತ್ತು ನೋಡಿದರು.

"ಹೊಡೂದಿಲ್ಲ ಅಲ್ದಾ?"

"ಇಲ್ಲ ಅಮ್ಮ."

"ಹಂಗಾರೆ ಬತ್ತೆ" ಎಂದು ಹೇಳಿ, ಬೆನ್ನ ಹಿಂದಿನಿಂದ ಕೈ ತೆಗೆದು ನನ್ನ ಕೈಯೊಳಗೆ ಇಟ್ಟರು.